ತಣ್ಣಗಿದ್ದ ಕುಲುಮೆ

ತೊಟ್ಟು ಮುರಿಯದ ಎಳೆ ತೆಂಗಿನಕಾಯಿಗೆ ಆರು ಡಾಲರು, ಮೂರು ಚಿಪ್ಪು ಬಾಳೆಹಣ್ಣಿಗೆ ಹದಿನಾಲ್ಕು, ಗಂಡಸರ ಲುಂಗಿಗೆ ಮೂವತ್ತೆಂಟು, ಹಾರ್ಲಿಕ್ಸ್ ಡಬ್ಬಿಗೆ ಹನ್ನೊಂದು, ಎಲ್ಲವನ್ನೂ ಜೋಡಿಸಿಡುವ ಬಿದಿರಿನ ತಟ್ಟೆಗೆ ನಾಲ್ಕು. ಕಾಯಿಯೇ ದುಬಾರಿ ಎನ್ನಿಸಿತು ನ್ವೇ ನಿಗೆ. ಸಿಂಗಪುರದಲ್ಲಿ ಕಾಯಿಗೆ ಬರವಿಲ್ಲ, ತೊಟ್ಟಿಗೆ ಬರ. ಎಲ್ಲ ಅಂಗಡಿಯವರೂ ತೊಟ್ಟು ಕತ್ತರಿಸಿ, ಸಿಪ್ಪೆ ಕೆತ್ತಿ, ಪ್ಲಾಸ್ಟಿಕ್ ಸುತ್ತಿ ಇಡುತ್ತಾರೆ. ತೊಟ್ಟಿಲ್ಲದ ಕಾಯಿ ಗುರುಕಾಣಿಕೆಗೆ ಆಗುವುದಿಲ್ಲ. ಗುರುಹಿರಿಯರಿಗೆ ಮಂಡಿಯೂರಿ ಕ್ಷಮೆ ಕೇಳುವ ತಡಿಂಜುತ್ ಹುಣ್ಣಿಮೆಯ ವಾರ ಮಾತ್ರ ಪೆನಿನ್ಸುಲಾ ಕಟ್ಟಡದ ಬರ್ಮಾ ಅಂಗಡಿಗಳಲ್ಲಿ ತೊಟ್ಟಿರುವ ಕಾಯಿ ಸಿಗುತ್ತದೆ, ಅಂಗಡಿಯವರು ಹೇಳಿದ್ದೇ ಬೆಲೆ. "ಐದು ಮಾಡ್ಕೊಳ್ಳಿ ಅತ್ತೆ" ಎಂದಳು. ಅಂಗಡಿಯ ಡಾ ಚೋ ಕವಳದ ಬಾಯಿ ತೆರೆದು ನಕ್ಕಳು. "ಗುರುಕಾಣಿಕೇಲಿ ಚೌಕಾಸಿ ಮಾಡ್ತೀಯೇನೇ? ಕಾಯಂ ಇರೋ ನೀಲಿ ಕಾರ್ಡು ಸಿಕ್ಕಿದೆಯಂತೆ, ಇನ್ನು ನೀನು ಇಲ್ಲಿನೋಳೇ. ಇಲ್ಲಿನೋರು ಬೆಲೆ ಕೇಳಲ್ಲ, ಬರೀ ಕಾರ್ಡ್ ತೋರಿಸ್ತಾರೆ." ನ್ವೇ ನಿ ಆರು ಡಾಲರು ಎಣಿಸಿಕೊಟ್ಟಳು. ಸುದ್ದಿ ಎಷ್ಟು ಬೇಗ ಬಂದಿದೆ ಇಲ್ಲಿಗೆ. ಕಾರ್ಡು ಸಿಕ್ಕಿದ ಸುದ್ದಿ ಬಂದಿದ್ದರೆ ಇನ್ನೊಂದು ಸುದ್ದಿಯೂ ಬಂದಿರಬೇಕು. ಅವಳ ಗುರು, ಅವಳು ಸಯಾ ಎಂದು ಕರೆಯುವ ಊ ಪೆ ಥೈನ್, ನಾಳೆ ಬೆಳಿಗ್ಗೆಯ ವಿಮಾನಕ್ಕೆ ಮಾಂಡಲೆಗೆ ಹೋಗುತ್ತಿದ್ದಾರೆ, ತಿರುಗಿ ಬರುವುದಿಲ್ಲ. ಡಾ ಚೋ ಅದನ್ನು ಎತ್ತಲಿಲ್ಲ. ಬಾಳೆಚಿಪ್ಪುಗಳನ್ನು ಕಾಗದದಲ್ಲಿ ಸುತ್ತುತ್ತ, "ಸಯಾಗೆ ನಾನೂ ನಮಸ್ಕಾರ ಹೇಳ್ದೆ ಅನ್ನು. ಈ ನನ್ನ ಮುಂದಿನ ಎರಡು ಹಲ್ಲು ಅವರ ಕೈಯದ್ದೇ. ಹತ್ತು ವರ್ಷ ಆಯ್ತು, ಇಷ್ಟು ಅಡಿಕೆ ಜಗಿದರೂ ಅಲ್ಲಾಡಿಲ್ಲ" ಎಂದಳು. ಹಲ್ಲು ತೋರಿಸಿದಳು. ನ್ವೇ ನಿ ನೋಡಲಿಲ್ಲ. ನೋಡಿದರೆ ಬಣ್ಣ ಕಾಣುತ್ತದೆ, ಬಣ್ಣ ಕಂಡರೆ ಆ ಹಲ್ಲು ನೆನಪಾಗುತ್ತದೆ.

ಬಸ್ಸಿನಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎದುರಿಗೆ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೇಲಿನ ಸಾಲು ಕಟ್ಟಿಸಿದ್ದು, ಕೆಳಗಿನದು ಸ್ವಂತದ್ದು. ಕಟ್ಟುಹಲ್ಲು ಮಾಡುವ ಈ ಕೆಲಸಕ್ಕೆ ಬಂದ ಮೇಲೆ ಮನುಷ್ಯರ ಮುಖ ನೋಡುವುದು ತಪ್ಪಿಹೋಗಿ ಹಲ್ಲು ನೋಡುವ ಚಾಳಿ ಬಿದ್ದಿದೆ. ಅದನ್ನು ಕಲಿಸಿದವರೂ ಸಯಾ ಅವರೇ. ಅವಳು ಬಂದ ಹೊಸತರಲ್ಲಿ, ಕಾರ್ಖಾನೆಗಳ ಕಟ್ಟಡದ ಐದನೇ ಮಹಡಿಯ ಆ ಸಣ್ಣ ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುತ್ತ ಮೂಲೆಯಲ್ಲಿ ನಿಂತಿರುತ್ತಿದ್ದಾಗ, ಒಂದು ದಿನ ಅವಳನ್ನು ಕಿಟಕಿಯ ಹತ್ತಿರ ಕರೆದು ಕೈಗೆ ಒಂದು ಹಲ್ಲು ಕೊಟ್ಟಿದ್ದರು. "ಏನು ಬಣ್ಣ?" "ಬಿಳಿ, ಸಯಾ." "ಬಿಳಿ ಅಂತೆ! ಗೋಡೆ ಬಿಳಿ. ಹಲ್ಲು ಬಿಳಿ ಅಲ್ಲ, ಮಗಳೇ. ಬುಡದಲ್ಲಿ ಅರಿಸಿನ ಇದೆ, ನಡುವೆ ಹಾಲಿದೆ, ತುದೀಲಿ ನೀಲಿ ಇದೆ. ಆ ನೀಲಿ ಕಂಡೂ ಕಾಣದಂಗಿರಬೇಕು. ಇಲ್ದಿದ್ರೆ ಅದು ಹಲ್ಲಲ್ಲ, ಅಂಗಿ ಗುಂಡಿ." ಅವಳು ಅವತ್ತೂ ಒಂದು ತಟ್ಟೆ ತಂದಿದ್ದಳು, ವಿದ್ಯೆ ಶುರುಮಾಡುವಾಗ ಕೊಡಬೇಕಾದ ತಟ್ಟೆ. ಆಗ ಕಾಯಿಯ ಬೆಲೆ ಎಷ್ಟಿತ್ತೋ. ಬಾಸ್ ಕ್ವೆಕ್ ಬಾಗಿಲಲ್ಲಿ ನಿಂತು, "ಇದೇನಿದು, ಲ್ಯಾಬೋ ದೇವಸ್ಥಾನವೋ? ಪೂಜೆ ಆದಮೇಲೆ ಬಾಳೆಹಣ್ಣು ನನಗೂ ಎರಡು ಇಡಿ" ಎಂದಿದ್ದ. ಕೆಟ್ಟವನಲ್ಲ ಕ್ವೆಕ್. ಯಾರೂ ಕೆಟ್ಟವರಲ್ಲ ಎನ್ನುವುದೇ ಅವಳಿಗೆ ಈಗ ಕಷ್ಟವಾಗಿರುವುದು. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ತಪ್ಪನ್ನು ಅವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು.

ಬಸ್ಸು ಸಿಗ್ನಲಿನಲ್ಲಿ ನಿಂತಿತು. ಹೇಳಬೇಕು, ಇವತ್ತು ಹೇಳಿಯೇಬಿಡಬೇಕು. ನಾಳೆ ಅವರು ಹೋದ ಮೇಲೆ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಸಯಾ ಅವರ ಕಣ್ಣಿಗೆ ಆ ನೀಲಿ ಕಾಣುವುದು ನಿಂತುಹೋಗಿದೆ ಎಂದು ಅವಳಿಗೆ ಮೊದಲು ಗೊತ್ತಾದದ್ದು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ. ಅವರು ಮಾಡಿಟ್ಟಿದ್ದ ಹಲ್ಲಿನ ಕ್ಯಾಪಿನ ತುದಿ, ಸತ್ತವನ ಉಗುರಿನ ಹಾಗೆ, ಕಪ್ಪುನೀಲಿಗೆ ತಿರುಗಿತ್ತು. ಕಾಣುವ ತನಕ ಹಚ್ಚಿದ್ದರು, ಪಾಪ. ಹೇಳಬಹುದಿತ್ತು. ಸಯಾ, ಕಣ್ಣು ತೋರಿಸಿಕೊಳ್ಳಿ ಎಂದು ಒಂದು ಮಾತು. ಆದರೆ ಗುರುವಿಗೆ ನಿಮ್ಮ ಕಣ್ಣು ಹೋಗಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅವಳ ಊರಿನಲ್ಲಿ ಹಿರಿಯರ ಅನ್ನದಲ್ಲಿ ಕಲ್ಲಿದ್ದರೆ ಎತ್ತಿ ತೋರಿಸುವುದಿಲ್ಲ, ಅವರು ಅತ್ತ ತಿರುಗಿದಾಗ ತೆಗೆಯುತ್ತಾರೆ. ಅವಳೂ ಹಾಗೇ ಮಾಡಿದಳು. ಲ್ಯಾಬಿನ ಇನ್ನೊಂದು ಬೀಗದಕೈಯನ್ನು ಸಯಾ ಅವರೇ ನಂಬಿ ಅವಳಿಗೆ ಕೊಟ್ಟಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಬರುವುದು, ಅವರು ಹಿಂದಿನ ಸಂಜೆ ಮುಗಿಸಿಟ್ಟ ಹಲ್ಲುಗಳನ್ನು ಕಿಟಕಿಗೆ ಹಿಡಿದು ನೋಡುವುದು, ಕೂದಲೆಳೆಯಂಥ ಕುಂಚದಲ್ಲಿ ನೀಲಿ ಅಡಗುವಷ್ಟು ಹಾಲುಬಣ್ಣ ಸವರಿ ಇನ್ನೊಮ್ಮೆ ಹಲ್ಲು ಸುಡುವ ಕುಲುಮೆಗೆ ಕೊಡುವುದು, ಅವರು ಬರುವುದರೊಳಗೆ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿಡುವುದು. "ಇಷ್ಟು ಬೇಗ ಬಂದ್ಯಾ?" ಎಂದು ಅವರು ಕೇಳಿದರೆ "ರೂಮಲ್ಲಿ ಸೆಖೆ, ಸಯಾ" ಎನ್ನುವುದು. ಎರಡು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುವುದು ಇಂಥದ್ದಕ್ಕೇ ಇರಬೇಕು. ಪೊರೆ ಬಂದಿತ್ತು ಅವರ ಕಣ್ಣಿಗೆ, ಅಷ್ಟೇ. ಆಸ್ಪತ್ರೆಯಲ್ಲಿ ಒಂದು ಬೆಳಗಿನ ಕೆಲಸ. ಅವಳ ಭಕ್ತಿಯೇ ಅವರನ್ನು ಡಾಕ್ಟರ ಬಳಿಗೆ ಹೋಗದಂತೆ ತಡೆಯಿತು.

ಆದರೆ ಅದು ತಪ್ಪಲ್ಲ, ಅಥವಾ ತಪ್ಪಾದರೂ ಪ್ರೀತಿಯ ತಪ್ಪು. ಅದಕ್ಕೆ ಮಂಡಿಯೂರಿದರೆ ಸಾಕು. ಇನ್ನೊಂದಿದೆ. ಫೆಬ್ರವರಿಯಲ್ಲಿ, ಚೀನೀ ಹೊಸವರ್ಷದ ಕಿತ್ತಳೆಗಳು ಇನ್ನೂ ಮೇಜಿನ ಮೇಲಿದ್ದಾಗ, ಕ್ವೆಕ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದ: "ಇಬ್ಬರೂ ಪಿ.ಆರ್. ಕಾರ್ಡಿನ ಅರ್ಜಿಗೆ ಸಹಿ ಕೇಳ್ತಿದ್ದೀರಿ. ಇಬ್ಬರಿಗೂ ಹಾಕ್ಕೊಟ್ರೆ ನನ್ನ ಗತಿ ಏನು? ಈಗ ನಿಮ್ಮ ಕೆಲಸದ ಪಾಸು ನನ್ನ ಹೆಸರಲ್ಲಿದೆ, ನನ್ನ ಬೈಕೊಂಡಾದ್ರೂ ಇಲ್ಲೇ ಇರ್ತೀರಿ. ಕಾರ್ಡ್ ಬಂದ ಮಾರನೇ ದಿನ ಪಕ್ಕದ ಲ್ಯಾಬಿನೋನು ಇನ್ನೂರು ಜಾಸ್ತಿ ಅಂದ್ರೆ ಹಾರಿಹೋಗ್ತೀರಿ. ಮೇಲೆ ನಿಮ್ಮ ಭವಿಷ್ಯನಿಧಿಗೆ ನಾನು ಕಟ್ಟಬೇಕು. ಈ ವರ್ಷ ಒಬ್ಬರಿಗೆ. ಮುಂದಿನ ವರ್ಷ ನೋಡೋಣ." ಸಯಾ ನಕ್ಕು, "ಹಾಗಾದ್ರೆ ಮುದುಕನಿಗೆ ಮೊದಲು ಬಾಸ್. ಇವಳಿಗಿನ್ನೂ ವಯಸ್ಸಿದೆ" ಎಂದಿದ್ದರು. ಅವಳು ತಲೆಯಾಡಿಸಿದ್ದಳು. ನ್ಯಾಯವಾದ ಮಾತು. ಅವರು ಇಲ್ಲಿಗೆ ಬಂದು ಹದಿನೇಳು ವರ್ಷ. ಎರಡು ಸಲ ಅರ್ಜಿ ತಿರುಗಿ ಬಂದಿತ್ತು. ಅವತ್ತು ಸಂಜೆ ಫೋನಿನಲ್ಲಿ ಮಗಳು ಮೊ ಮೊ, ಪಿನ್‌ಊಲ್ವಿನ್‌ನ ಅಜ್ಜಿಮನೆಯಿಂದ, ಕರೆಂಟು ಹೋಗಿ ಕತ್ತಲೆಯಲ್ಲಿ ಮುಖ ಕಾಣದೆ ಬರೀ ದನಿಯಾಗಿ, "ಅಮ್ಮಾ, ನನ್ನ ಮೂಗು ಈಗ ನಿನ್ನ ಥರ ಆಗಿದೆಯಂತೆ, ಎಲ್ಲರೂ ಹೇಳ್ತಾರೆ. ನಿನ್ನ ಮೂಗು ಹೇಗಿದೆ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ ಅದು. ಪಾಸಿನ ಸಂಬಳ ಮಗುವನ್ನು ಕರೆಸಿಕೊಳ್ಳಲು ಸಾಲದು, ಕಾಯ್ದೆ ಹಾಗಿದೆ. ಕಾರ್ಡಿನ ಅರ್ಜಿಯಲ್ಲಿ ಮಗಳ ಹೆಸರನ್ನೂ ಸೇರಿಸಬಹುದು.

ಮಾರನೇ ವಾರ ಒಬ್ಬ ಮದುವೆ ಹೆಣ್ಣಿನ ಮುಂದಿನ ಹಲ್ಲಿನ ಕೆಲಸ ಬಂತು. ಸಯಾ ಅದನ್ನು ಬಹಳ ಅಕ್ಕರೆಯಿಂದ ಮಾಡಿದರು. ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಬಂದು, ಟ್ರೇ ತೆರೆದು, ಹಲ್ಲನ್ನು ಕಿಟಕಿಗೆ ಹಿಡಿದಳು. ನೀಲಿ. ಕುಂಚ ತೆಗೆದಳು, ಬಣ್ಣ ಕಲಸಿದಳು. ಕೆಳಗೆ ರಸ್ತೆ ಗುಡಿಸುವವನು ಒಂದೇ ಎಲೆಯನ್ನು ಮತ್ತೆ ಮತ್ತೆ ಗುಡಿಸುತ್ತಿದ್ದ, ಅದು ಕಲ್ಲಿನ ಸಂದಿಗೆ ಅಂಟಿಕೊಂಡಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಎಲೆ ಕೊನೆಗೂ ಎದ್ದುಬಂತು. ಅವಳು ಕುಂಚ ತೊಳೆದು ಒರೆಸಿ ಇಟ್ಟಳು. ಏನನ್ನೂ ಮಾಡಲಿಲ್ಲ ಅವಳು. ಹಲ್ಲನ್ನು ಅದರ ಜಾಗದಲ್ಲಿಟ್ಟು, ಬಾಗಿಲು ಹಾಕಿ, ಕೆಳಗಿನ ಕ್ಯಾಂಟೀನಿನಲ್ಲಿ ಕಂಬದ ಹಿಂದೆ ಕೂತು ಕಾಫಿ ಕುಡಿದಳು. ಸಯಾ ಲಿಫ್ಟಿನೊಳಗೆ ಹೋದದ್ದನ್ನು ನೋಡಿ, ಸ್ವಲ್ಪ ಹೊತ್ತು ಬಿಟ್ಟು, ಆಗಷ್ಟೇ ಬಂದವಳ ಹಾಗೆ ಮೇಲೆ ಹೋದಳು. ಹಲ್ಲು ದಂತವೈದ್ಯನಿಗೆ ಹೋಗಿಯಾಗಿತ್ತು. ವಿಚಿತ್ರವೆಂದರೆ ಅವತ್ತು ಸಯಾ ಹಾಡು ಗುನುಗುತ್ತಿದ್ದರು. ಮಧ್ಯಾಹ್ನ, ಹಬ್ಬವಿಲ್ಲ ಹರಿದಿನವಿಲ್ಲ, ಅವಳನ್ನು ಪೆನಿನ್ಸುಲಾದವರೆಗೆ ಕರೆದುಕೊಂಡು ಹೋಗಿ ಮೊಹಿಂಗಾ ಕೊಡಿಸಿದರು. ಮೀನಿನ ಸಾರು, ಶ್ಯಾವಿಗೆ, ಮೇಲೆ ಸೋರೆಕಾಯಿಯ ಬೋಂಡ ಬೇರೆ. "ತಿನ್ನು, ತಿನ್ನು, ಇನ್ನೊಂದು ಬಟ್ಟಲು ಹೇಳ್ತೀನಿ." ಅವಳು ತಿಂದಳು. ಎರಡನೇ ಬಟ್ಟಲನ್ನೂ ತಿಂದಳು. ಆಮೇಲೆ ನಡೆದದ್ದೆಲ್ಲ, ಹಲ್ಲು ವಾಪಸು ಬಂದದ್ದು, ದಂತವೈದ್ಯ ಫೋನಿನಲ್ಲಿ ಕೂಗಾಡಿದ್ದು, ಕ್ವೆಕ್ ಸಯಾ ಅವರ ಟ್ರೇಗಳನ್ನೆಲ್ಲ ದೀಪದ ಕೆಳಗೆ ಹರಡಿ ಒಂದೊಂದನ್ನೇ ನೋಡಿದ್ದು, ಸಯಾ ಅವರನ್ನು ಪ್ಲಾಸ್ಟರ್ ಕಲಸುವ ಮೂಲೆಗೆ ಹಾಕಿದ್ದು, "ಹೊರಟಲ್ಲಿಗೇ ಬಂದು ಸೇರ್ದೆ ನೋಡು, ಮಗಳೇ" ಎಂದು ಅವರು ನಕ್ಕಿದ್ದು, ಅವಳ ಅರ್ಜಿಗೆ ಕಂಪನಿಯ ಮೊಹರು ಬಿದ್ದದ್ದು, ಯಾವುದೂ ಅವಳಿಗೆ ಅಷ್ಟಾಗಿ ಚುಚ್ಚುವುದಿಲ್ಲ. ಆ ಎರಡನೇ ಬಟ್ಟಲು ಚುಚ್ಚುತ್ತದೆ.

ಸಯಾ ಬಾಡಿಗೆಗಿದ್ದ ಮನೆಯ ಒಡತಿ ಆಂಟಿ ಗೆಕ್ ಬಾಗಿಲು ತೆಗೆದು, ತಟ್ಟೆಯನ್ನೂ ಅವಳನ್ನೂ ನೋಡಿದಳು. "ಅಯ್ಯೋ, ಹೆಣ್ಣು ಕೇಳೋಕೆ ಬಂದಂಗೆ ಬಂದಿದ್ದೀಯಲ್ಲ! ಒಳಗಿರೋದು ಮುದುಕ ಕಣಮ್ಮ, ನಾಳೆ ಹೊರಟಿದ್ದಾನೆ. ಬಾ ಬಾ. ಚಪ್ಪಲಿ ಈಚೆ ಬಿಡು."

ಸಯಾ ನೆಲದ ಮೇಲೆ ಕೂತು ಪೆಟ್ಟಿಗೆ ತುಂಬುತ್ತಿದ್ದರು. ಮಂಚ ಖಾಲಿಯಾಗಿತ್ತು, ಗೋಡೆಯ ಮೇಲೆ ಬುದ್ಧನ ಪಟ ಇದ್ದ ಕಡೆ ಚೌಕವಾಗಿ ಬಿಳಿ ಉಳಿದಿತ್ತು. ಅದು ಗೋಡೆಯ ಬಿಳಿ. "ಬಂದ್ಯಾ? ಬಾ. ಇದನ್ನೊಂಚೂರು ಎತ್ತಿ ಹಿಡಿ, ತೂಕ ನೋಡೋಣ. ಈ ವಿಮಾನದೋರು ಹದಿನೇಳು ವರ್ಷವನ್ನ ಮೂವತ್ತು ಕಿಲೋದಲ್ಲಿ ತುಂಬು ಅಂತಾರೆ." ಅವರ ಕನ್ನಡಕ ಹಣೆಯ ಮೇಲಿತ್ತು. ಅವಳು ಪೆಟ್ಟಿಗೆಯನ್ನು ಕೈತಕ್ಕಡಿಗೆ ಸಿಕ್ಕಿಸಿ ಎತ್ತಿ ಹಿಡಿದಳು. ಅವರು ತಕ್ಕಡಿಯ ಅಂಕಿಗೆ ಮುಖ ಹತ್ತಿರ ತಂದು, ಇನ್ನೂ ಹತ್ತಿರ ತಂದು, ಕೊನೆಗೆ "ಎಷ್ಟಿದೆ?" ಎಂದು ಅವಳನ್ನೇ ಕೇಳಿದರು. ಹೇಳಿದಳು. ಆ ಒಂದು ಅಂಕಿಯನ್ನು ಹೇಳುವಾಗಲೂ ಅವಳ ದನಿ ತಗ್ಗಿತು, ಕದ್ದು ನೋಡಿದ್ದನ್ನು ಹೇಳುವವಳ ಹಾಗೆ.

ಅವರು ಮಂಚದ ಮೇಲೆ ಕೂತರು. ಅವಳು ತಟ್ಟೆಯನ್ನು ಮುಂದಿಟ್ಟು, ಮಂಡಿಯೂರಿ, ಕೈ ಮುಗಿದು, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಟೈಲ್ಸಿನ ನೆಲ ತಣ್ಣಗಿತ್ತು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು ತಾನಾಗಿಯೇ ಹೊರಟಿತು: ಕಾಯದಿಂದ, ಮಾತಿನಿಂದ, ಮನಸ್ಸಿನಿಂದ, ತಿಳಿದೋ ತಿಳಿಯದೆಯೋ ನಿಮಗೆ ನಾನು ಮಾಡಿದ ಎಲ್ಲ ತಪ್ಪುಗಳನ್ನು ಕ್ಷಮಿಸಬೇಕು. ಎಷ್ಟು ಜಾಣರು ಹಿಂದಿನವರು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟಿದ್ದಾರೆ; ಒಳಗೆ ಕಾಯಿಯಿದೆಯೋ ಹಾವಿದೆಯೋ ಯಾರೂ ತೆರೆದು ನೋಡಬೇಕಾಗಿಲ್ಲ. ಕಾಯದಿಂದ ಅವಳು ಏನೂ ಮಾಡಿರಲಿಲ್ಲ, ಮಾಡದೆ ಇದ್ದದ್ದೇ ತಪ್ಪು. ಮಾತಿನಿಂದಲೂ ಇಲ್ಲ. ಮನಸ್ಸು ಎನ್ನುವಾಗ ನಾಲಿಗೆ ಒಂದು ಕ್ಷಣ ತಡೆಯಿತು. "ಸಯಾ, ಆ ಹಲ್ಲು..." ಎಂದಳು, ನೆಲಕ್ಕೆ ಮುಖವಿಟ್ಟುಕೊಂಡೇ. ಆದರೆ ಮೇಲಿನಿಂದ ಅವರು ಹರಕೆ ಶುರುಮಾಡಿಯಾಗಿತ್ತು. ನಡುವೆ ನಿಲ್ಲಿಸುವ ಹಾಗಿಲ್ಲ ಅದನ್ನು. ರೋಗ ಬಾರದಿರಲಿ, ವೈರಿಗಳು ಇಲ್ಲದಿರಲಿ, ಕೂತಲ್ಲಿ ನಿಂತಲ್ಲಿ ನೆಮ್ಮದಿಯಿರಲಿ, ಮಗಳು ಬೇಗ ಬಂದು ನಿನ್ನ ತೊಡೆಯ ಮೇಲೆ ಕೂರಲಿ, ನಿನ್ನ ಎಲ್ಲ ತಪ್ಪುಗಳನ್ನೂ ನಾನು ಕ್ಷಮಿಸಿದ್ದೇನೆ. ಹರಕೆ ಮುಗಿಯುವವರೆಗೂ ಹಣೆ ಎತ್ತಲಿಲ್ಲ ಅವಳು. ಅಳು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಒಂದು ಹಗುರ ಬಂತು, ಪರೀಕ್ಷೆ ಮುಂದಕ್ಕೆ ಹೋದಾಗ ಬರುವಂಥದ್ದು. ಅದು ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಏನೋ ಅಂದೆಯಲ್ಲ. ಹಲ್ಲು ಅಂತ."

ಅವರು ಬಗ್ಗಿ, ಪೆಟ್ಟಿಗೆಯ ಮೂಲೆಯಿಂದ ಒಂದು ಸಣ್ಣ ಡಬ್ಬಿ ತೆಗೆದು, ಹತ್ತಿಯ ಮೇಲಿದ್ದ ಆ ಹಲ್ಲನ್ನು ಅವಳ ಅಂಗೈಗೆ ಹಾಕಿದರು. "ಬಾಸ್ ಕಸದಬುಟ್ಟಿಗೆ ಎಸೆದಿದ್ದ. ನಾನು ಎತ್ತಿಟ್ಕೊಂಡೆ. ಕಿಟಕಿ ಹತ್ರ ಹೋಗು. ಹೋಗಿ ನೋಡಿ ಹೇಳು. ಇವತ್ತು ನಾನು ಸಯಾ ಅಲ್ಲ ಅಂದ್ಕೋ, ಗಿರಾಕಿ ಅಂದ್ಕೋ. ಎಷ್ಟು ಕೆಟ್ಟಿದೆ?"

ಹತ್ತು ವರ್ಷದ ಹಿಂದೆ ಇದೇ ಮಾತು, ಇದೇ ಬೆಳಕು. ಅವಳು ಹಲ್ಲನ್ನು ಬೆಳಕಿಗೆ ಹಿಡಿದಳು. "ನೀಲಿ ಜಾಸ್ತಿ, ಸಯಾ."

"ಸ್ವಲ್ಪವೋ?"

"ಬಹಳ."

"ಹೂಂ." ಅವರು ಮೊಣಕಾಲು ತಿಕ್ಕಿಕೊಂಡರು. "ಮಾಂಡಲೇಲಿ ಮೊದಲು ಕಣ್ಣು ಮಾಡಿಸ್ಕೋತೀನಿ. ಪೊರೆಯಂತೆ. ನಾನು ವಯಸ್ಸು ಅಂದ್ಕೊಂಡು ಮುಚ್ಚಿಟ್ಕೊಂಡಿದ್ದೆ. ಬಾಸಿಗೆ ಗೊತ್ತಾದ್ರೆ ಪಾಸು ಹೋಗುತ್ತೆ ಅಂತ ಭಯ. ನಿನಗೆ ಗೊತ್ತಿದೆ ಅನ್ನೋದು ನನಗೆ ಗೊತ್ತಿತ್ತು."

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಏನು, ಕಣ್ಣು ಹೋದರೆ ಕೈಯೂ ಹೋಗುತ್ತಾ? ಬೆಳಿಗ್ಗೆ ಒಳಗೆ ಬಂದ ತಕ್ಷಣ ಕುಲುಮೆ ಮುಟ್ಟಿ ನೋಡೋದು ನನ್ನ ಅಭ್ಯಾಸ. ದಿನಾ ಬೆಚ್ಚಗಿರ್ತಿತ್ತು. ಇವಳು ತಿದ್ದಿದ್ದಾಳೆ, ಇನ್ನು ಚಿಂತೆಯಿಲ್ಲ ಅಂದ್ಕೋತಿದ್ದೆ. ಒಂದು ದಿನ ಹೇಳಬೇಕು, ನಿನ್ನ ಉಪಕಾರ ದೊಡ್ಡದು ಮಗಳೇ ಅಂತ, ಅಂದ್ಕೊಂಡೇ ಇದ್ದೆ. ಬಾಯಿ ಬರಲಿಲ್ಲ. ನಿನಗೆ ಕಲಿಸಿದ ಬಾಯಿ ನೋಡು, ಮುಜುಗರ. ಆಮೇಲೆ ಆ ದಿನ ಬಂದೆ, ಮುಟ್ಟಿ ನೋಡ್ದೆ, ತಣ್ಣಗಿತ್ತು." ಅವರು ನಕ್ಕರು. "ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಅಬ್ಬಾ, ಇವತ್ತು ಇವಳು ನೋಡಿ ಕಾಫಿಗೆ ಇಳಿದಿದಾಳೆ, ತಿದ್ದೋದು ಏನೂ ಇರಲಿಲ್ಲ, ನನ್ನ ಕೈ ಇನ್ನೂ ಇದೆ ಅಂದ್ಕೊಂಡೆ. ಹುಚ್ಚ. ಅದಕ್ಕೇ ನಿನ್ನ ಕರ್ಕೊಂಡು ಹೋಗಿ ಮೊಹಿಂಗಾ ಕೊಡಿಸಿದ್ದು. ನೆನಪಿದೆಯಾ? ಎರಡು ಬಟ್ಟಲು ತಿಂದೆ ನೀನು."

ಹೊರಗೆ ಎದುರು ಕಟ್ಟಡದ ಬಿದಿರುಗಳಲ್ಲಿ ಬಟ್ಟೆಗಳು ಒಣಗುತ್ತಿದ್ದವು. ಒಂದು ನೀಲಿ ಅಂಗಿ ತೋಳು ಚಾಚಿಕೊಂಡು ತೂಗುತ್ತಿತ್ತು. ಅಂಗೈಯೊಳಗೆ ಹಲ್ಲು ಬೆವರಿಗೆ ಅಂಟಿಕೊಂಡಿತ್ತು.

"ಅವತ್ತು ಯಾಕೆ ತಿದ್ದಲಿಲ್ಲ ನೀನು?" ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಊರಿಗೆ ಹೋಗುವ ಮೊದಲು ಗ್ಯಾಸು ಆರಿಸಿದೆಯಾ ಎಂದು ಕೇಳುವ ಹಾಗೆ ಕೇಳಿದರು. "ಸುಮ್ನೆ ಕೇಳ್ದೆ. ಮನಸ್ಸಲ್ಲಿ ಇಟ್ಕೊಂಡು ಹೋಗೋದು ಬೇಡ ಅಂತ."

ಇದೇ ಆ ಗಳಿಗೆ. ಬೆಳಗಿನಿಂದ, ಅಲ್ಲ, ಫೆಬ್ರವರಿಯಿಂದ ಅವಳು ಹುಡುಕುತ್ತಿದ್ದ ಬಾಗಿಲು. ಅದನ್ನು ಅವರೇ ತೆರೆದು ಹಿಡಿದುಕೊಂಡು ನಿಂತಿದ್ದಾರೆ. ನೋಡಿದೆ ಸಯಾ, ಕುಂಚ ತೆಗೆದೆ, ತೊಳೆದು ಇಟ್ಟುಬಿಟ್ಟೆ. ಇಷ್ಟು ಮಾತು ಸಾಕು. ಅವಳು ತಿರುಗಿದಳು. ಅವರು ಮಂಚದ ತುದಿಯಲ್ಲಿ, ಹೊಸ ಲುಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಅವಳ ಮುಖವಿರಬಹುದಾದ ಕಡೆಗೆ ನೋಡುತ್ತಿದ್ದರು. ಬೆಳಕು ಅವಳ ಬೆನ್ನ ಹಿಂದಿತ್ತು. ಅವಳ ಮುಖ ಅವರಿಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅವತ್ತು ಮೊದಲ ಬಸ್ಸು ತಪ್ಪಿಹೋಯ್ತು, ಸಯಾ."

"ಬಸ್ಸು!" ಅವರು ತೊಡೆ ತಟ್ಟಿಕೊಂಡರು. "ನೋಡಿದ್ಯಾ, ನಾನು ಏನೇನೋ ಅಂದ್ಕೊಂಡಿದ್ದೆ. ನಿನಗೆ ಜ್ವರ ಬಂದಿತ್ತೋ ಏನೋ, ಕೇಳದೆ ಹೋದೆನಲ್ಲ ಅಂತ. ಆ ಬಸ್ಸಿನ ಹಣೆಬರಹವೇ ಅಷ್ಟು." ಎದ್ದು, ಗೋಡೆ ಸವರಿಕೊಂಡು ಬಂದು, ಅವಳ ಅಂಗೈಯಿಂದ ಹಲ್ಲನ್ನು ತೆಗೆದುಕೊಂಡು ಡಬ್ಬಿಗೆ ಹಾಕಿದರು. "ಕಣ್ಣು ಬಂದ ಮೇಲೆ ನಾನೇ ನೋಡ್ತೀನಿ, ಎಷ್ಟು ನೀಲಿ ಹಾಕಿದ್ದೆ ಅಂತ. ಈ ಬಾಳೆಹಣ್ಣು ಮೂರು ಚಿಪ್ಪು ನಾನೊಬ್ಬನೇ ಏನು ಮಾಡ್ಲಿ? ಒಂದು ಆಂಟಿಗೆ ಕೊಡು. ಒಂದು ಬಾಸಿಗೆ ತಗೊಂಡು ಹೋಗು, ಅವನಿಗೆ ಇಷ್ಟ."

ಅವಳು ಹೊರಗೆ ಬಂದು ಲಿಫ್ಟಿಗೆ ಕಾದು ನಿಂತಳು. ಕೈಯಲ್ಲಿ ಕ್ವೆಕ್‌ನ ಬಾಳೆಚಿಪ್ಪು. ಮಂಡಿಯೂರಿ ಕೇಳಿದ ಕ್ಷಮೆ ಆ ಗಳಿಗೆಯವರೆಗಿನ ತಪ್ಪುಗಳಿಗೆ. ಕುಂಚ ತೊಳೆದಿಟ್ಟದ್ದು, ಎರಡನೇ ಬಟ್ಟಲು, ಎಲ್ಲವೂ ಅದರಲ್ಲಿ ಸೇರಿಹೋಗಿದ್ದವು. ಬಸ್ಸಿನ ಮಾತು ಆಮೇಲೆ ಆಡಿದ್ದು. ಅದು ಹೊರಗೆ ಉಳಿಯಿತು, ಅದಕ್ಕೆ ಮುಂದಿನ ವರ್ಷದ ಹುಣ್ಣಿಮೆ ಬರಬೇಕು, ಮುಂದಿನ ವರ್ಷ ಈ ಊರಿನಲ್ಲಿ ಅವಳು ಮಂಡಿಯೂರಬೇಕಾದ ಮನುಷ್ಯ ಇರುವುದಿಲ್ಲ.

ಡಿಸೆಂಬರಿನಲ್ಲಿ ಮೊ ಮೊ ಬಂದಳು. ಮೂಗು ನಿಜವಾಗಿಯೂ ತಾಯಿಯದೇ. ಕಾರ್ಡು ಸಿಕ್ಕಿತು, ಮಗಳು ಸಿಕ್ಕಳು. ಈಗ ನ್ವೇ ನಿ ಯಾವ ಲ್ಯಾಬಿಗೆ ಬೇಕಾದರೂ ಹೋಗಬಹುದು, ಕ್ವೆಕ್‌ನ ಲ್ಯಾಬಿನಲ್ಲೇ ಇದ್ದಾಳೆ. ಸಯಾ ಅವರ ಕಣ್ಣಿನ ಪೊರೆ ತೆಗೆದರಂತೆ, ಈಗ ಎಲ್ಲ ಚೆನ್ನಾಗಿ ಕಾಣುತ್ತದಂತೆ. ಅವರು ಫೋನು ಮಾಡಿದಾಗಲೆಲ್ಲ ಅವಳು ಮಗಳ ಕೈಗೆ ಕೊಡುತ್ತಾಳೆ.